ಸ್ನೋ ಅಂದ ತಕ್ಷಣ ಟೆಕ್ಸಾಸ್‌ನ ಹಳಬರು ಬಾತ್‌ಟಬ್ ತುಂಬಿಸುವುದು ಯಾಕೆ?

ತುಂಗಾತೀರ (ಹ್ಯೂಸ್ಟನ್)

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನಿಂದ ಹ್ಯೂಸ್ಟನ್‌ಗೆ ಬಂದದ್ದು 2023ರಲ್ಲಿ. ಸ್ನೋ ನೋಡಬೇಕು ಅಂದರೆ ಮನಾಲಿಗೇ ಹೋಗಬೇಕು ಅಂದುಕೊಂಡಿದ್ದ ಮನೆ ನಮ್ಮದು. ಹ್ಯೂಸ್ಟನ್ ಅಂದರೆ ಸೆಕೆ, ಸೊಳ್ಳೆ, ಚಂಡಮಾರುತ ಅಂತ ಎಲ್ಲರೂ ಹೇಳಿ ಕಳಿಸಿದ್ದರು.

2025ರ ಜನವರಿ 21, ಮಂಗಳವಾರ. ಬೆಳಿಗ್ಗೆ ಪರದೆ ಸರಿಸಿದರೆ ಹಿತ್ತಲು ಪೂರ್ತಿ ಬೆಳ್ಳಗಿತ್ತು. ಬೇಲಿ ಮೇಲೆ, ನಿಂಬೆ ಗಿಡದ ಮೇಲೆ, ನೆನೆದು ನಿಂತಿದ್ದ ಬಟ್ಟೆ ಸ್ಟ್ಯಾಂಡ್ ಮೇಲೆ. ಮಗಳಿಗೆ ಆರು ವರ್ಷ. ಕೈಗವಸು ಇರಲಿಲ್ಲ. ಅವರಪ್ಪನ ಸಾಕ್ಸ್ ಕೈಗೆ ಹಾಕಿ, ಮೇಲೆ ಬ್ರೆಡ್ಡಿನ ಕವರ್ ಕಟ್ಟಿ ಹೊರಗೆ ಬಿಟ್ಟೆ. ನಮ್ಮ ಬೀದಿಯ ಮಕ್ಕಳಿಗೆ ಜಾರುಬಂಡಿ ಎಲ್ಲಿಂದ ಬರಬೇಕು? ಓವನ್ ಟ್ರೇ, ರಟ್ಟಿನ ಡಬ್ಬ, ಬಟ್ಟೆ ಒಗೆಯುವ ಬುಟ್ಟಿಯ ಮುಚ್ಚಳ, ಸಿಕ್ಕಿದ್ದೆಲ್ಲ ತಂದರು. ಇಲ್ಲಿ ನೆಲ ಚಪ್ಪಟೆ. ಹಾಗಾಗಿ ಮಳೆನೀರು ನಿಲ್ಲಿಸುವ ಹೊಂಡದ ದಂಡೆಯೇ ಎಲ್ಲರಿಗೂ ಬೆಟ್ಟ. ವಿಮಾನ ನಿಲ್ದಾಣ ಮುಚ್ಚಿತ್ತು, ಶಾಲೆ ರಜೆ, ರಸ್ತೆಯಲ್ಲಿ ಒಂದು ಕಾರೂ ಇಲ್ಲ. ಅಷ್ಟು ಖುಷಿಯಾಗಿದ್ದ ದಿನ ನಮಗೆ ಈ ದೇಶದಲ್ಲಿ ಇನ್ನೊಂದು ಬಂದಿಲ್ಲ.

ಆದರೆ ಒಂದು ವಿಷಯ ತಲೆಯಲ್ಲಿ ಉಳಿದುಬಿಟ್ಟಿದೆ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಇಲ್ಲೇ ಹುಟ್ಟಿ ಬೆಳೆದವರು. ಭಾನುವಾರ ಸಂಜೆಯೇ ಬಾಗಿಲು ತಟ್ಟಿದರು. ಬಾತ್‌ಟಬ್ ತುಂಬಿಸು, ಫೋನ್ ಚಾರ್ಜ್ ಮಾಡಿಟ್ಟುಕೋ, ಕಾರಿಗೆ ಪೆಟ್ರೋಲ್ ಹಾಕಿಸು, ಸಿಂಕ್ ಕೆಳಗಿನ ಬಾಗಿಲು ತೆರೆದಿಡು ಅಂದರು. ಯಾಕೆ ಅಂತ ಕೇಳಿದ್ದಕ್ಕೆ "2021" ಅಂತ ಮಾತ್ರ ಹೇಳಿ ಹೋದರು. ಮಂಗಳವಾರ ಬೀದಿಗೆ ಬೀದಿಯೇ ಆಚೆ ಇದ್ದಾಗ ಅವರು ಬರಲಿಲ್ಲ. ನಾನು ಒಂದು ಲೋಟ ಕಾಫಿ ಕೊಡೋಣ ಅಂತ ಹೋದರೆ, ಅಡುಗೆಮನೆಯಲ್ಲಿ ನಲ್ಲಿಯಿಂದ ನೀರು ಹನಿ ಬೀಳುತ್ತಿದೆಯಾ ಅಂತ ನೋಡುತ್ತಾ ಕೂತಿದ್ದರು.

ಆ ವರ್ಷ ಇಲ್ಲಿದ್ದವರು ಯಾರಾದರೂ ಇದ್ದೀರಾ? ಸುದ್ದಿಯಲ್ಲಿ ಓದಿದ್ದು ಬೇಡ. ನಿಮ್ಮ ಮನೆಯೊಳಗೆ ಹೇಗಿತ್ತು ಅಂತ ಹೇಳಿ. ಬೇರೆ ಸೆಕೆ ಊರುಗಳಲ್ಲಿ ಸ್ನೋ ನೋಡಿದವರೂ ಬರೆಯಿರಿ.

---

ಹಳೇ ಹ್ಯೂಸ್ಟನ್

ತಂಗಿ, ನಾನು ಮೊದಲು ಖುಷಿಯದ್ದೇ ಹೇಳಿಬಿಡುತ್ತೇನೆ. 2004ರ ಡಿಸೆಂಬರ್ 24. ಕ್ರಿಸ್‌ಮಸ್ ಹಿಂದಿನ ದಿನ. ಟೆಕ್ಸಾಸ್‌ನ ಗಲ್ಫ್ ಕರಾವಳಿ ಉದ್ದಕ್ಕೂ ಸ್ನೋ ಬಿತ್ತು. ಇಲ್ಲಿಂದ ನೈರುತ್ಯಕ್ಕೆ ವಿಕ್ಟೋರಿಯಾ ಅಂತ ಊರಿದೆ, ಅಲ್ಲಿ ಒಂದು ಅಡಿಗಿಂತ ಜಾಸ್ತಿ, 12.5 ಇಂಚು. ಮೆಕ್ಸಿಕೋ ಗಡಿಯ ಬ್ರೌನ್ಸ್‌ವಿಲ್‌ನಲ್ಲಿ ಅಳೆಯುವಷ್ಟು ಸ್ನೋ ಬಿದ್ದದ್ದು 1895ರ ನಂತರ ಅದೇ ಮೊದಲು. ಅಂದರೆ ಅಲ್ಲಿನ ತಾತಂದಿರೂ ತಮ್ಮೂರಲ್ಲಿ ಅಂಥ ಸ್ನೋ ಕಂಡಿರಲಿಲ್ಲ.

ನಾವು ಕೆಲವು ಮನೆಯವರು ಸೇರಿ ಗಾಲ್ವೆಸ್ಟನ್ ಸಮುದ್ರದ ದಂಡೆಗೆ ಹೋದೆವು. ಮರಳಿನ ಮೇಲೆ ಸ್ನೋ, ಅದರ ಮೇಲೆ ಅಲೆ ಬಂದು ಹೋಗುತ್ತಿತ್ತು. ತಾಳೆ ಮರದ ಗರಿ ಬೆಳ್ಳಗೆ ಬಾಗಿತ್ತು. ನನ್ನ ಹೆಂಡತಿ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಕಾರಿನ ಬಾನೆಟ್ ಬೆಚ್ಚಗಿತ್ತು, ಅದರ ಮೇಲೆ ಡಬ್ಬ ಇಟ್ಟು ನಿಂತೇ ತಿಂದೆವು. ಕರೆಂಟ್ ಹೋಗಲಿಲ್ಲ, ನೀರು ನಿಲ್ಲಲಿಲ್ಲ. ಮಾರನೇ ದಿನಕ್ಕೆ ಕರಗತೊಡಗಿತು.

2021 ಬೇರೆಯೇ ಕಥೆ. ಅದನ್ನು ಆಸ್ಟಿನ್ ಕಡೆಯವರು ಹೇಳಲಿ.

---

ಚಳ್ಳಕೆರೆ ಸೊಸೆ (ಆಸ್ಟಿನ್)

ತುಂಗಾತೀರ ಅವರೇ, ನಿಮ್ಮ ಪಕ್ಕದ ಮನೆ ಅಜ್ಜಿ ಏನು ನೋಡುತ್ತಿದ್ದರು ಅಂತ ನನಗೆ ಗೊತ್ತು. ನಾನೂ ಹಾಗೇ ಕೂರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

2021ರ ಫೆಬ್ರವರಿ 14, ಭಾನುವಾರ. ಅದಕ್ಕೂ ಮೊದಲೇ ಕೆಲವು ದಿನದಿಂದ ಚಳಿ ಹಿಡಿದಿತ್ತು. ಗುರುವಾರ ಫೋರ್ಟ್‌ವರ್ತ್‌ನಲ್ಲಿ ರಸ್ತೆ ಮೇಲೆ ಮಂಜುಗಡ್ಡೆ ಕಟ್ಟಿ 130ಕ್ಕೂ ಹೆಚ್ಚು ಗಾಡಿಗಳು ಒಂದರ ಮೇಲೊಂದು ಬಿದ್ದು ಆರು ಜನ ಸತ್ತಿದ್ದರು. ಹಾಗಾಗಿ ಯಾರೂ ಹೊರಗೆ ಹೋಗುತ್ತಿರಲಿಲ್ಲ. ಭಾನುವಾರ ರಾತ್ರಿ ಸ್ನೋ ಜೋರಾಯಿತು.

ಅತ್ತೆ ಆಗ ನಮ್ಮ ಜೊತೆ ಇದ್ದರು. ಅವರು ಚಳ್ಳಕೆರೆಯವರು. ಮಳೆಗೇ ಮುಖ ನೋಡುವ ಸೀಮೆ ಅದು. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಅಕ್ಕಿ ಹಿಟ್ಟನ್ನು ಜರಡಿ ಹಿಡಿದ ಹಾಗೆ ಬೀಳುತ್ತಿತ್ತು. ಆಮೇಲೆ ಕೈ ಚಾಚಿ ಒಂದಿಷ್ಟು ಹಿಡಿದು, ನಾಲಿಗೆಗೆ ಹಚ್ಚಿಕೊಂಡು, "ಸಪ್ಪಗೈತೆ" ಅಂದರು. ಮಗ ಬಿದ್ದು ಬಿದ್ದು ನಕ್ಕ. ಆ ರಾತ್ರಿಯ ಆ ಒಂದು ಗಂಟೆ ನನಗೆ ಇವತ್ತಿಗೂ ಇಷ್ಟ. ಆಸ್ಟಿನ್‌ನಲ್ಲಿ ಬೆಳಗಾಗುವಷ್ಟರಲ್ಲಿ ಆರು ಇಂಚು ದಾಟಿತ್ತು. ಎಪ್ಪತ್ತು ವರ್ಷದಲ್ಲಿ ಅಷ್ಟು ಬಿದ್ದಿರಲಿಲ್ಲ.

ರಾತ್ರಿ ಎರಡರ ಹೊತ್ತಿಗೆ ಫ್ರಿಜ್ ಸದ್ದು ನಿಂತಿತು. ಹೀಟರ್ ಸದ್ದೂ ನಿಂತಿತು.

ನಿಜ ಹೇಳಬೇಕೆಂದರೆ ನಾವು ಯಾರೂ ಗಾಬರಿ ಆಗಲಿಲ್ಲ. ಕರೆಂಟ್ ಹೋಗುವುದು ನಮಗೆ ಹೊಸದಾ? ಅತ್ತೆ ಮಗ್ಗುಲು ಬದಲಿಸಿ ಮಲಗಿದರು. ಮುಕ್ಕಾಲು ಗಂಟೆಗೆ ಒಂದು ಏರಿಯಾದಂತೆ ಸರದಿ ಮೇಲೆ ತೆಗೆಯುತ್ತಾರೆ ಅಂತ ಸುದ್ದಿ ಇತ್ತು. ಊರಲ್ಲಿ ಲೋಡ್ ಶೆಡ್ಡಿಂಗ್ ಇದ್ದ ಹಾಗೆಯೇ ಅಂದುಕೊಂಡೆವು. ಆದರೆ ಸರದಿ ಬರಲೇ ಇಲ್ಲ. ಆಸ್ಪತ್ರೆ, ನೀರು ಸರಬರಾಜು ಇರುವ ಲೈನ್‌ಗಳನ್ನು ತೆಗೆಯುವ ಹಾಗಿಲ್ಲ. ಉಳಿದಿದ್ದನ್ನೆಲ್ಲ ಆಗಲೇ ತೆಗೆದಾಗಿತ್ತು. ಅದಲು ಬದಲು ಮಾಡಲು ಏನೂ ಉಳಿದಿರಲಿಲ್ಲ. ನಾವು ಕತ್ತಲಲ್ಲೇ ಉಳಿದೆವು, ನದಿ ಆಚೆ ಪೇಟೆಯ ಖಾಲಿ ಕಟ್ಟಡಗಳಲ್ಲಿ ದೀಪ ಉರಿಯುತ್ತಿತ್ತು. ಆ ದೀಪ ನೋಡಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಊರಿನ ಮನೆಗೂ ಇಲ್ಲಿನ ಮನೆಗೂ ಇರುವ ವ್ಯತ್ಯಾಸ ಅವತ್ತು ಗೊತ್ತಾಯಿತು. ಊರಲ್ಲಿ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತೆ, ಅಷ್ಟೇ. ಇಲ್ಲಿ ಬಿಸಿಗೂ ಕರೆಂಟ್, ತುಂಬಾ ಮನೆಗಳಲ್ಲಿ ಅಡುಗೆಗೂ ಕರೆಂಟ್. ಮನೆ ಕಟ್ಟಿರುವುದು ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿಗೆ. ನೀರಿನ ಪೈಪು ಹೊರಗೋಡೆಯೊಳಗೆ, ಇಲ್ಲವೇ ಮೇಲೆ ಅಟ್ಟದಲ್ಲಿ ಓಡುತ್ತೆ. ಉತ್ತರದ ಚಳಿ ರಾಜ್ಯ ಮಿನೆಸೋಟದವರು ಸಾಮಾನ್ಯವಾಗಿ ಹಾಗೆ ಕಟ್ಟುವುದಿಲ್ಲ. ಹೊರಗೆ ಸೊನ್ನೆಗಿಂತ ಸುಮಾರು 14 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗಿತ್ತು. ಮಂಗಳವಾರ ಬೆಳಿಗ್ಗೆ ಅಡುಗೆಮನೆಯೊಳಗೆ 5 ಡಿಗ್ರಿ. ತುಪ್ಪ ಚಮಚಕ್ಕೆ ಬಗ್ಗಲಿಲ್ಲ. ಕಡಲೆಕಾಯಿ ಎಣ್ಣೆ ಮಬ್ಬಾಗಿ ಗಟ್ಟಿಯಾಗುತ್ತಾ ಬಂದಿತ್ತು.

ನಮ್ಮದು ಗ್ಯಾಸ್ ಒಲೆ. ಅದರ ಕಿಡಿಗೂ ಕರೆಂಟ್ ಬೇಕು. ದೇವರ ಗೂಡಿನಲ್ಲಿದ್ದ ಬೆಂಕಿಪೆಟ್ಟಿಗೆ ತಂದು ಹಚ್ಚಿದೆ. ಗಂಟೆಗೊಂದು ಸಲ ಏನಾದರೂ ಬಿಸಿ ಮಾಡುವುದು, ಕುಡಿಯುವುದು. ರಾಗಿ ಗಂಜಿ, ಹುರುಳಿ ಸಾರು, ಶುಂಠಿ ಕಷಾಯ. ಊರಿಂದ ತಂದಿದ್ದ ಕರಿ ಕಂಬಳಿ ಎರಡಿದ್ದವು. ಚಳ್ಳಕೆರೆ ಕಂಬಳಿ ನೋಡಿದವರಿಗೆ ಗೊತ್ತು, ಚುಚ್ಚುತ್ತೆ, ಕುರಿ ವಾಸನೆ ಬರುತ್ತೆ. ಅಷ್ಟು ವರ್ಷ ಅಟ್ಟದಲ್ಲಿ ಬಿದ್ದಿದ್ದವು. ಅಂಗಡಿಯಿಂದ ತಂದ ರಜಾಯಿಗಳೆಲ್ಲ ಸೋತವು, ಕಂಬಳಿ ಸೋಲಲಿಲ್ಲ.

ಅತ್ತೆ ಅಗ್ಗಿಷ್ಟಿಕೆ ಮಾಡೋಣ ಅಂದರು. ಹಿತ್ತಲಲ್ಲಿ ಇದ್ದಿಲ ಒಲೆ ಇದೆಯಲ್ಲ, ಅದನ್ನು ಹಾಲ್‌ಗೆ ತಂದರೆ ಆಯಿತು ಅಂತ. ನಮ್ಮವರು ಖಡಾಖಂಡಿತವಾಗಿ ಬೇಡ ಅಂದರು. ಅತ್ತೆಗೆ ಬೇಜಾರಾಯಿತು. ಅವರು ಚಿಕ್ಕಂದಿನಿಂದ ಕೆಂಡದ ಪಕ್ಕ ಮಲಗಿ ಬೆಳೆದವರು. ಆದರೆ ಅಲ್ಲಿ ಹೆಂಚಿನ ಸಂದಿಯಲ್ಲಿ ಹೊಗೆ ಹೋಗುತ್ತೆ. ಇಲ್ಲಿನ ಮನೆ ಎಸಿ ತಂಪು ಆಚೆ ಹೋಗಬಾರದು ಅಂತ ಮುಚ್ಚಿರುವಂಥದ್ದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದೇ ವಾರ ಟೆಕ್ಸಾಸ್‌ನಲ್ಲಿ ಎಷ್ಟೋ ಜನ ಗ್ಯಾರೇಜ್‌ನಲ್ಲಿ ಕಾರು ಚಾಲೂ ಇಟ್ಟು, ಮನೆಯೊಳಗೆ ಇದ್ದಿಲು ಉರಿಸಿ ಆಸ್ಪತ್ರೆ ಸೇರಿದರು, ಕೆಲವರು ಉಳಿಯಲಿಲ್ಲ. ದಯವಿಟ್ಟು ಇದೊಂದನ್ನು ಊರಿಂದ ಬಂದಿರುವ ಅಪ್ಪ ಅಮ್ಮಂದಿರಿಗೆ ಕೂರಿಸಿ ಹೇಳಿ.

ಸೋಮವಾರ ಸಂಜೆ ಎದುರು ಮನೆಯ ಹುಡುಗ ಬಂದ. ಗಂಡ ಹೆಂಡತಿ, ಮೂರು ತಿಂಗಳ ಮಗು. ಅವರದು ಕರೆಂಟ್ ಒಲೆ. ಮಗುವಿನ ಹಾಲಿಗೆ ಬಿಸಿನೀರು ಬೇಕಿತ್ತು. ಫ್ಲಾಸ್ಕ್‌ನಲ್ಲಿ ಹಾಕಿ ಕೊಟ್ಟು ಕಳಿಸಿದೆ. ಆಮೇಲೆ ನಾನೂ ನಮ್ಮವರೂ ಗ್ಯಾರೇಜ್‌ನಲ್ಲಿ ನಿಂತು ಮಾತಾಡಿದೆವು. ಆಗ ಕೊರೋನಾ ಕಾಲ. ಒಂದು ವರ್ಷದಿಂದ ನಮ್ಮ ಮನೆಯೊಳಗೆ ಹೊರಗಿನವರು ಕಾಲಿಟ್ಟಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಇನ್ನೂ ಲಸಿಕೆ ಆಗಿರಲಿಲ್ಲ. ಕರೆಯಬೇಕಾ, ಬೇಡವಾ? ಇವರಿಗೂ ಧೈರ್ಯ ಇಲ್ಲ, ನನಗೂ ಇಲ್ಲ. ಬಾಗಿಲ ಹಿಂದೆ ನಿಂತು ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. "ಎಳೇ ಕೂಸೈತೆ. ಮೊದ್ಲು ಒಳಕ್ ಕರೀರಿ, ಆಮ್ಯಾಕೆ ಮಾತಾಡ್ಕಳಿ" ಅಂದರು.

ಬಂದರು. ಎಲ್ಲರೂ ಮಾಸ್ಕ್ ಹಾಕಿಯೇ ಇದ್ದೆವು. ಅವರಿಗೆ ಮುಂದಿನ ಕೋಣೆ, ಅತ್ತೆಗೆ ಹಿಂದಿನದು. ಒಂದು ಕಂಬಳಿ ಆ ಮಗುವಿಗೆ ಹೋಯಿತು. ಒಳಗೆ ಹತ್ತಿ ಸೀರೆ, ಮೇಲೆ ಕಂಬಳಿ ಸುತ್ತುವುದು ಹೇಗೆ ಅಂತ ಅತ್ತೆ ದೂರದಿಂದಲೇ ಕೈಸನ್ನೆಯಲ್ಲಿ ಹೇಳಿಕೊಟ್ಟರು. ಇಂಗ್ಲಿಷ್ ಬರುವುದಿಲ್ಲ ಅವರಿಗೆ. ಆ ಹುಡುಗಿ ಒಂದು ಗಂಟೂ ತಪ್ಪದೆ ಸುತ್ತಿದಳು.

ಬುಧವಾರ ನೀರು ಕುದಿಸಿ ಕುಡಿಯಿರಿ ಅಂತ ಇಡೀ ಊರಿಗೆ ಸೂಚನೆ ಬಂತು. ಸಂಜೆಯೊಳಗೆ ನಮ್ಮ ನಲ್ಲಿಯಲ್ಲಿ ಕುದಿಸಲು ನೀರೇ ಇರಲಿಲ್ಲ. ಹಿತ್ತಲ ತುಂಬ ಸ್ನೋ ಇದೆಯಲ್ಲ ಅಂತ ಬಕೆಟ್, ಕೊಳಗ, ಕುಕ್ಕರ್ ಎಲ್ಲ ತುಂಬಿ ತಂದೆವು. ಅಷ್ಟು ದೊಡ್ಡ ಕೊಳಗ ಕಾಸಿದರೆ ತಳದಲ್ಲಿ ಒಂದಿಷ್ಟು ನೀರು. ಹತ್ತು ಇಂಚು ಸ್ನೋ ಕರಗಿದರೆ ಒಂದು ಇಂಚು ನೀರು, ಲೆಕ್ಕ ಅಷ್ಟೇ. ಟಾಯ್ಲೆಟ್‌ಗೆ ಒಂದು ಸಲ ಸುರಿಯಲು ಎಷ್ಟು ಹೊತ್ತು ಹೊರಬೇಕು ನೋಡಿ. ಬಾತ್‌ಟಬ್ ಯಾಕೆ ಅಂತ ಕೇಳಿದಿರಲ್ಲ, ಇದಕ್ಕೆ.

ಇನ್ನೊಂದಿದೆ. ಪೈಪು ಒಡೆಯುವುದು ನೀರು ಗಡ್ಡೆ ಕಟ್ಟಿದಾಗ. ಸಿಂಕ್ ಬಾಗಿಲು ತೆರೆದಿಡುವುದು, ನಲ್ಲಿ ಹನಿ ಬಿಡುವುದು ಅದು ಆಗದಿರಲಿ ಅಂತಲೇ. ಆದರೆ ಗಡ್ಡೆ ಇರುವವರೆಗೂ ಒಂದು ಹನಿ ಆಚೆ ಬರುವುದಿಲ್ಲ. ಬಿಸಿಲು ಬಂದು, ಕರೆಂಟ್ ಬಂದು, ಇನ್ನೇನು ಮುಗಿಯಿತು ಅಂತ ಉಸಿರು ಬಿಡುವಾಗ ಸುರಿಯುತ್ತೆ. ಎದುರು ಮನೆಯವರಿಗೆ ಹಾಗೇ ಆಯಿತು. ಬಾಗಿಲು ತೆಗೆದರೆ ಒಳಗೆ ನೀರು ಸುರಿಯುವ ಸದ್ದು. ಮಗುವಿನ ತೊಟ್ಟಿಲಿದ್ದ ಕೋಣೆಯ ಸೀಲಿಂಗ್ ಪೂರ್ತಿ ಕೆಳಗೆ ಬಂದಿತ್ತು, ಒದ್ದೆ ಇನ್ಸುಲೇಷನ್ ಸಮೇತ. ಅವನಿಗೆ ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಗೊತ್ತಿರಲಿಲ್ಲ. ನಮ್ಮವರು ಹಾರೆ ತೆಗೆದುಕೊಂಡು ಹೋಗಿ ಅಂಗಳದಲ್ಲಿ ಸ್ನೋ ಕೆದಕಿ ಮೀಟರ್ ಮುಚ್ಚಳ ಹುಡುಕಿದರು. ಹುಡುಕುವಷ್ಟು ಹೊತ್ತೂ ಮನೆಯೊಳಗೆ ನೀರು ಸುರಿಯುತ್ತಲೇ ಇತ್ತು.

ಯಾಕೆ ಹೀಗಾಯಿತು ಅಂತ ಆಮೇಲೆ ತುಂಬಾ ಓದಿದೆ. ಟೆಕ್ಸಾಸ್‌ನ ವಿದ್ಯುತ್ ಜಾಲ ಬಹುಪಾಲು ಬೇರೆ ರಾಜ್ಯಗಳಿಂದ ಪ್ರತ್ಯೇಕ. ಪಕ್ಕದವರಿಂದ ತರಿಸಿಕೊಳ್ಳಲು ಸಣ್ಣ ದಾರಿ ಮಾತ್ರ. ಗ್ಯಾಸ್ ಬಾವಿಗಳ ಬಾಯಿ ಹೆಪ್ಪುಗಟ್ಟಿತು. ಗ್ಯಾಸ್ ಇಲ್ಲದೆ ಕರೆಂಟ್ ಸ್ಥಾವರ ನಿಂತವು. ಕರೆಂಟ್ ತೆಗೆದಾಗ ಗ್ಯಾಸ್ ತಳ್ಳುವ ಯಂತ್ರಗಳೂ ನಿಂತವು. ಇನ್ನು 4 ನಿಮಿಷ 37 ಸೆಕೆಂಡ್ ತಡವಾಗಿದ್ದರೆ ಇಡೀ ಜಾಲವೇ ಕುಸಿಯುತ್ತಿತ್ತು, ಎಬ್ಬಿಸಲು ವಾರಗಳೇ ಬೇಕಾಗುತ್ತಿತ್ತು. ರಾಜ್ಯ ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. 2011ರಲ್ಲೂ ಇಂಥದ್ದೇ ಆಗಿತ್ತು, ಚಳಿಗೆ ಸಿದ್ಧ ಮಾಡಿ ಅಂತ ವರದಿ ಬಂದಿತ್ತು. ಮಾಡಲಿಲ್ಲ. 2021ರ ನಂತರ ಕಾನೂನು ತಂದರು. ನಿಮ್ಮ 2025ರ ಸ್ನೋ ದಿನ ನಿಮಗೆ ಬರೀ ಖುಷಿಯಾಗಿ ಉಳಿದಿದ್ದರೆ ಅದಕ್ಕೆ ಹೆಚ್ಚಿನ ಕಾರಣ ಕರೆಂಟ್ ಉಳಿದದ್ದು. ಮಗಳ ಜೊತೆ ಆ ದಿನ ಆಡಿದಿರಲ್ಲ, ಓದಿ ನನಗೂ ಸಂತೋಷವಾಯಿತು.

---

ದಾವಣಗೆರೆ ಅಮ್ಮ

2021ರಲ್ಲಿ ನಾನು ಈ ಕಡೆ, ಊರಲ್ಲಿ ಇದ್ದವಳು. ಮಗ ಸೊಸೆ ಡಲ್ಲಾಸ್‌ನಲ್ಲಿ. ಸೋಮವಾರ ಸ್ನೋ ಫೋಟೋ ಕಳಿಸಿದರು, ನಾನು ನೆಂಟರಿಗೆಲ್ಲ ಕಳಿಸಿ ಖುಷಿಪಟ್ಟೆ. ಆಮೇಲೆ ಫೋನ್ ಬಂದ್. ವಾಟ್ಸಾಪ್‌ನಲ್ಲಿ ಒಂದೇ ಗೀಟು. ಎರಡನೇ ಗೀಟು ಯಾವಾಗ ಬರುತ್ತೆ ಅಂತ ನೋಡುತ್ತಾ ರಾತ್ರಿ ಎಲ್ಲ ಕೂತಿದ್ದೆ. ಟಿವಿಯಲ್ಲಿ ಯಾರದೋ ಮನೆಯ ಫ್ಯಾನ್‌ನಿಂದ ಮಂಜಿನ ಕೋಲು ಜೋತುಬಿದ್ದಿದ್ದನ್ನು ತೋರಿಸಿದರು. ಮಗ ಆಮೇಲೆ ಹೇಳಿದ, ಫೋನ್ ಚಾರ್ಜ್ ಉಳಿಸಲು ಆಫ್ ಮಾಡಿದ್ದರಂತೆ. ಅಂಗಳದಲ್ಲಿ ಕಾರಿನೊಳಗೆ ಕೂತು ಚಾರ್ಜ್ ಮಾಡಿಕೊಂಡು ಒಂದೇ ಮಾತು ಕಳಿಸಿದ: "ಊಟ ಆಯ್ತು." ಹೊರಗಡೆ ಇರುವ ಮಕ್ಕಳಿಗೆ ಒಂದು ಮಾತು. ಫೋನ್ ಆಫ್ ಮಾಡುವ ಮುಂಚೆ ಆಫ್ ಮಾಡ್ತೀವಿ ಅಂತ ಒಂದು ಸಾಲು ಹಾಕಿ.

---

ಕುಂದಾಪ್ರದ ಕಡಲು (ಅಟ್ಲಾಂಟಾ)

ನಮ್ಮಲ್ಲಿ 2014ರ ಜನವರಿ 28. ಬಿದ್ದದ್ದು ಎರಡೂವರೆ ಇಂಚು, ಅಷ್ಟೇ. ಹತ್ತಿರ ಹತ್ತಿರ ಮಧ್ಯಾಹ್ನ ಶುರುವಾಯಿತು. ಶಾಲೆ, ಆಫೀಸು, ಸರ್ಕಾರಿ ಕಚೇರಿ ಎಲ್ಲ ಒಂದೇ ಹೊತ್ತಿಗೆ ಬಿಟ್ಟರು. ಇಡೀ ಊರು ಒಟ್ಟಿಗೆ ರಸ್ತೆಗೆ ಬಂತು. ಸ್ನೋ ಟೈರಿನ ಕೆಳಗೆ ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಉಪ್ಪು ಹಾಕುವ ಲಾರಿಗಳೂ ಅದೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವು. ಅಟ್ಲಾಂಟಾ ಪೂರ್ತಿ ಏರು ಇಳಿತ, ಗಾಡಿ ಏರು ಹತ್ತಲಿಲ್ಲ.

ಸಾವಿರಾರು ಮಕ್ಕಳು ಆ ರಾತ್ರಿ ಶಾಲೆಯಲ್ಲೇ ಮಲಗಿದರು. ನನ್ನ ಮಗಳೂ. ಜಿಮ್‌ನ ಚಾಪೆ ಮೇಲೆ ಮಲಗಿಸಿ, ಟೀಚರ್ ರಾತ್ರಿಯೆಲ್ಲ ಪಕ್ಕ ಕೂತು ಕಥೆ ಓದಿದರಂತೆ. ಆ ಟೀಚರ್‌ಗೂ ಮನೆಯಲ್ಲಿ ಮಕ್ಕಳಿದ್ದರು. ನಾನು ರಸ್ತೆ ಬದಿಗೆ ಕಾರು ಬಿಟ್ಟು, ಆಫೀಸಿನ ಚಪ್ಪಟೆ ಬೂಟಿನಲ್ಲಿ ನಡೆದು, ಒಂದು ಔಷಧಿ ಅಂಗಡಿ ಸೇರಿದೆ. ಅಂಗಡಿಯವರು ಬಾಗಿಲು ಹಾಕಲಿಲ್ಲ. ಸಾಲಿನ ನಡುವೆ ಜನ ಮಲಗಿದ್ದರು. ಯಾರೋ ನನಗೆ ಅರ್ಧ ಬಿಸ್ಕೆಟ್ ಪ್ಯಾಕ್ ಕೊಟ್ಟರು. ಅದೇ ದಿನ 285 ಹೆದ್ದಾರಿಯಲ್ಲಿ ಕಾರಿನೊಳಗೇ ಒಂದು ಮಗು ಹುಟ್ಟಿತು.

ಮಗಳಿಗೆ ಈಗ ಕಾಲೇಜು. ಕೇಳಿದರೆ ಅದು ಅವಳ ಶಾಲೆಯ ಅತಿ ಒಳ್ಳೆಯ ದಿನವಂತೆ.

---

ತುಂಗಾತೀರ (ಹ್ಯೂಸ್ಟನ್)

ಚಳ್ಳಕೆರೆ ಅಕ್ಕ, ಓದಿ ಮುಗಿಸಿ ಪಕ್ಕದ ಮನೆಗೆ ಹೋಗಿ ಬಂದೆ. ಈ ಸಲ ಅಜ್ಜಿ ಮಾತಾಡಿದರು. ಅವರ ಅಕ್ಕ ಆ ವಾರ ತೀರಿಕೊಂಡಿದ್ದರಂತೆ, ಉಸಿರಾಟದ ಮಿಷನ್ ಮೇಲೆ ಇದ್ದವರು. ಮನೆಯಲ್ಲಿ ಕರೆಂಟ್ ಇರಲಿಲ್ಲ.

ಅಮ್ಮ, ನೀವು ಹೇಳಿದ್ದನ್ನು ನಮ್ಮನೆಯವರಿಗೆ ಓದಿ ಹೇಳಿದ್ದೇನೆ.

ಅಕ್ಕ, ಒಂದೇ ಪ್ರಶ್ನೆ. ಆ ವಾಲ್ವ್ ಹುಡುಕುವುದು ಎಲ್ಲಿ? ನಮಗೆ ನಿಜವಾಗಲೂ ಗೊತ್ತಿಲ್ಲ. ಆ ಮಗು ಹೇಗಿದೆ?

---

ಚಳ್ಳಕೆರೆ ಸೊಸೆ (ಆಸ್ಟಿನ್)

ಅಜ್ಜಿಯ ವಿಷಯ ಕೇಳಿ ಸಂಕಟವಾಯಿತು. ಆಗಾಗ ಹೋಗಿ ಕೂತು ಬನ್ನಿ.

ಮಗು ಚೆನ್ನಾಗಿದ್ದಾಳೆ. ಅವರು ಈಗ ಬೇರೆ ಊರಲ್ಲಿದ್ದಾರೆ. ಕಂಬಳಿ ಅವರ ಹತ್ತಿರವೇ ಇದೆ, ಅತ್ತೆ ವಾಪಸ್ ತೆಗೆದುಕೊಳ್ಳಲಿಲ್ಲ.

ವಾಲ್ವ್ ಹೇಳುತ್ತೇನೆ. ಮನೆ ಮುಂದೆ ರಸ್ತೆ ಅಂಚಿನ ಹುಲ್ಲಿನಲ್ಲಿ ಕಬ್ಬಿಣದ ಅಥವಾ ಪ್ಲಾಸ್ಟಿಕ್ಕಿನ ಮುಚ್ಚಳ ಇರುತ್ತೆ. ಅದರ ಕೆಳಗೆ ನೀರಿನ ಮೀಟರ್. ಮೀಟರ್ ಪಕ್ಕದಲ್ಲೇ ವಾಲ್ವ್. ತಿರುಗಿಸಲು ಉದ್ದ ಕೋಲಿಗೆ ಅಡ್ಡ ಹಿಡಿ ಇರುವ ಕೀ ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಸುಮಾರು ಕಾಲು ಸುತ್ತು ತಿರುಗಿಸಿದರೆ ಸಾಕು, ವಾಲ್ವಿನ ತಲೆ ಪೈಪಿಗೆ ಅಡ್ಡವಾದರೆ ನೀರು ನಿಂತ ಹಾಗೆ. ಕೆಲವು ಮನೆಗಳಿಗೆ ಗೋಡೆ ಹತ್ತಿರ ಇನ್ನೊಂದು ವಾಲ್ವ್ ಇರುತ್ತೆ, ಅದಿದ್ದರೆ ಅದನ್ನೇ ಬಳಸಿ. ನಿಲ್ಲಿಸಿದ ಮೇಲೆ ಒಳಗೆ ಒಂದು ನಲ್ಲಿ ಬಿಟ್ಟು ಪೈಪಿನ ನೀರು ಇಳಿಸಿ. ಕೀ ಎಲ್ಲಿದೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ, ಮಗಳಿಗೂ.

ಚಳಿ ಬರುವ ಮುಂಚೆ ಒಂದು ಬಿಸಿಲಿರುವ ದಿನ ಹೋಗಿ ಮುಚ್ಚಳ ತೆಗೆದು ಅಭ್ಯಾಸ ಮಾಡಿಕೊಳ್ಳಿ. ಬರಿಗೈ ಮಾತ್ರ ಹಾಕಬೇಡಿ. ಆ ಪೆಟ್ಟಿಗೆಯೊಳಗೆ ಕೆಂಪಿರುವೆ ಗೂಡು ಕಟ್ಟಿರುತ್ತೆ, ಕಡಿದರೆ ವಾರ ಉರಿಯುತ್ತೆ. ಮೊದಲು ಕೋಲು ಹಾಕಿ ನೋಡಿ.